ಟಲ್ಲೆಯ ಹನ್ನೆರಡು ನಿಮಿಷ

ಕುರ್ಕಿಲಾಹ್ತಿ
ಭಾನುವಾರ, ಮಾರ್ಚ್ ೧೭, ೨೦೨೪

ಪ್ರೀತಿಯ ಮಿಲ್ಲಾ,

ನೀನೂ ಮೊಮ್ಮಗಳು ಓನಾಳೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ಬರೆಯದೆ ಕುಳಿತದ್ದು ನನ್ನದೇ ತಪ್ಪು. ಬೈಯಬೇಕೆನಿಸಿದರೆ ಈಗಲೇ ಬೈದುಬಿಡು, ಮುಗಿದುಹೋಗಲಿ. ಕಂಪ್ಯೂಟರಿಗೆ ಪ್ರೋಗ್ರಾಂ ಬರೆದ ಹೆಂಗಸು ಮಗಳಿಗೆ ಮಾತ್ರ ಪೆನ್ನಿನಲ್ಲಿ ಕಾಗದ ಬರೆಯುತ್ತಾಳೆ ಎಂದು ಆಸ್ಪತ್ರೆಯಲ್ಲಿ ನಿನ್ನ ಜೊತೆಯ ಸೂಲಗಿತ್ತಿಯರೆಲ್ಲ ನಗುತ್ತಾರೆಂದು ಬರೆದಿದ್ದೀಯ. ನಗಲಿ ಬಿಡು. ಪರದೆಯ ಮೇಲಾದರೆ ನಾನು ತಪ್ಪುಗಳನ್ನು ಅಳಿಸಿ ಜಾಣೆಯಾಗಿಬಿಡುತ್ತೇನೆ. ಕಾಗದದಲ್ಲಿ ಹೊಡೆದುಹಾಕಿದ್ದೂ ನಿನಗೆ ಕಾಣುತ್ತದೆ.

ನಿಮ್ಮಪ್ಪ ಗಟ್ಟಿಯಾಗಿದ್ದಾನೆ. ಸರೋವರದ ಹಿಮಗಡ್ಡೆ ಇನ್ನೂ ಭಾರ ತಡೆಯುತ್ತದೆ ಎಂದು ದಿನಾ ತೂತು ಕೊರೆದು ಮೀನಿಗೆ ಕೂರುತ್ತಾನೆ. ಬೆರಳುದ್ದದ್ದು ಎರಡು ತಂದು ಪಕ್ಕದ ಮನೆಯ ಬೆಕ್ಕಿಗೆ ಹಾಕುತ್ತಾನೆ. ನನ್ನ ಮಂಡಿನೋವು ಹಾಗೆಯೇ ಇದೆ, ಅದರ ವಿಷಯ ಸಾಕು.

ಈಗ ದೊಡ್ಡ ಸುದ್ದಿ. ಹೋದ ಮಂಗಳವಾರ ಬೆಳಿಗ್ಗೆ ಬಾಗಿಲ ಮುಂದೆ ಬೂಟಿನ ಹಿಮ ಕೊಡವುತ್ತಾ ಒಬ್ಬಳು ನಿಂತಿದ್ದಳು. ನಲವತ್ತರ ಆಸುಪಾಸು, ಹೆಸರು ರೀಕಾ. ಜನವರಿಯಿಂದ ಸುತ್ತಲಿನ ಆರು ಪುರಸಭೆಗಳ ಕಂಪ್ಯೂಟರುಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುತ್ತಿದ್ದಾರೆ, ಅದಕ್ಕೆ ಇವಳೇ ಮುಖ್ಯಸ್ಥೆ.

"ನೀವು ಹಿಲ್ಕ ಅವರಲ್ವಾ? ನಿಮ್ಮಿಂದ ಒಂದು ಸಹಾಯ ಆಗ್ಬೇಕಿತ್ತು" ಅಂದಳು.

"ನೀವು ಗೀವು ಅಂದ್ರೆ ಬಾಗ್ಲು ಹಾಕ್ಕೊಂಡ್ಬಿಡ್ತೀನಿ. ನಾನೇನು ಅಷ್ಟು ಮುದುಕಿ ಥರ ಕಾಣ್ತೀನಾ? ಬಾ ಒಳಗೆ, ಬೂಟು ಬಿಚ್ಚು" ಅಂದೆ.

ಕಾಫಿ ಬಗ್ಗಿಸಿ ಕೊಟ್ಟ ಮೇಲೆ ಬಾಯಿಬಿಟ್ಟಳು. "ಹಿಲ್ಕ, ನೀನು ಬರೆದ ಆ ಟಲ್ಲೆ ಪ್ರೋಗ್ರಾಂ ಪುರಸಭೆ ಕಂಪ್ಯೂಟರುಗಳಿಂದ ಹೋಗ್ತಾನೇ ಇಲ್ಲ ಕಣೆ. ಮೂರು ಸಲ ತೆಗ್ದೆ. ಬೆಳಿಗ್ಗೆ ಬಂದು ನೋಡಿದ್ರೆ ಮತ್ತೆ ಅಲ್ಲೇ ಕೂತಿರುತ್ತೆ. ನಮ್ಮ ಇಬ್ರು ಇಂಜಿನಿಯರುಗಳು ಎರಡು ದಿನ ತಲೆ ಕೆಡಿಸ್ಕೊಂಡು ಕೈ ಚೆಲ್ಲಿದ್ರು."

ಮಿಲ್ಲಾ, ಆಗ ನನ್ನ ಮುಖ ನೀನು ನೋಡಬೇಕಿತ್ತು! ಎಪ್ಪತ್ತನಾಲ್ಕು ವರ್ಷದ ಮುದುಕಿ ಬರೆದದ್ದನ್ನು ಇಬ್ಬರು ಇಂಜಿನಿಯರುಗಳಿಗೆ ಅಲುಗಿಸಲಾಗಲಿಲ್ಲ. ಸಂತೋಷಕ್ಕೆ ಅವಳ ತಟ್ಟೆಗೆ ಇನ್ನೊಂದು ಏಲಕ್ಕಿ ಬನ್ನು ಹಾಕಿದೆ.

ಟಲ್ಲೆ ಹುಟ್ಟಿದ ಕಥೆ ನಿನಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ. ಹೇಳುವ ಹಕ್ಕು ನನಗಿದೆ. ೧೯೯೬ರ ಚಳಿಗಾಲದಲ್ಲಿ ಪುರಸಭೆ ಕಚೇರಿಯ ದೊಡ್ಡ ಕಂಪ್ಯೂಟರು ಸುಟ್ಟುಹೋಯಿತು. ಕಟ್ಟಡ ಪರವಾನಗಿ, ಶಿಶುವಿಹಾರದ ಪಟ್ಟಿ, ನೀರಿನ ಸಂಪರ್ಕದ ನಕ್ಷೆ, ಎಲ್ಲ ಸೇರಿ ಮೂರು ವಾರದ ಕೆಲಸ ಹೋಯಿತು. ಕಟ್ಟಡ ತನಿಖೆಯ ತೌನೊ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. ನಾನಾಗ ಸಂಬಳದ ಪಟ್ಟಿ ಬರೆಯುವ ಗುಮಾಸ್ತೆ. ಇಂಥದ್ದು ಇನ್ನೊಮ್ಮೆ ಆಗಬಾರದು ಎಂದು ಹಟ ಹಿಡಿಯಿತು. ಸಂಜೆ ತರಗತಿಗೆ ಸೇರಿದೆ, ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಂಬತ್ತು ತಿಂಗಳು ಬರೆದೆ. ಮರುವರ್ಷ ಜನವರಿಯಲ್ಲಿ ಹತ್ತೊಂಬತ್ತು ಕಂಪ್ಯೂಟರುಗಳಿಗೆ ಹಾಕಿದೆ. ಪ್ರತಿದಿನ ಮಧ್ಯಾಹ್ನ ಎರಡು ಗಂಟೆಗೆ ಟಲ್ಲೆ ಎಲ್ಲ ಫೈಲುಗಳಿಗೆ ಬೀಗ ಹಾಕಿ, ಒಂದೊಂದನ್ನೂ ನಕಲು ಮಾಡಿ, ತಗಡಿನ ಬೀರುವಿನಲ್ಲಿದ್ದ ಇನ್ನೊಂದು ಕಂಪ್ಯೂಟರಿನಲ್ಲಿ ಇಡುತ್ತಿತ್ತು. ಅದಕ್ಕೆ ಹನ್ನೆರಡು ನಿಮಿಷ. ಆ ಹೊತ್ತು ಯಾರೂ ಕೀ ಒತ್ತುವಂತಿಲ್ಲ. ಪರದೆಯ ಮೇಲೆ "ನಕಲು ನಡೆದಿದೆ, ಹೋಗಿ ಕಾಫಿ ಕುಡಿಯಿರಿ" ಎಂದು ಬರೆದಿದ್ದೆ. ಎಲ್ಲರೂ ಹೋಗುತ್ತಿದ್ದರು. ನಮ್ಮ ಜನಕ್ಕೆ ಕಾಯಿರಿ ಎಂದು ಬರೆದು ತೋರಿಸಿದರೆ ಸಾಕು, ಕಾಯುತ್ತಾರೆ. ಇಪ್ಪತ್ತೇಳು ವರ್ಷ ಕುರ್ಕಿಲಾಹ್ತಿ ಪುರಸಭೆ ನನ್ನ ಮಾತಿಗೆ ಎದ್ದು ಕಾಫಿ ಕುಡಿದಿದೆ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಫೈಲು ಕಳೆದಿಲ್ಲ.

ರೀಕಾ ಚೀಲದಿಂದ ಒಂದು ಕಾಗದ ತೆಗೆದಳು. ಕಂಪ್ಯೂಟರ್ ಮಾಡಿದವರದ್ದೂ ಅಲ್ಲದ, ಇವರ ಕಚೇರಿಯದ್ದೂ ಅಲ್ಲದ ಇಂಥ ಉಪಯೋಗದ ಪ್ರೋಗ್ರಾಂಗಳಿಗೆಲ್ಲ "ಮೂರನೆಯವರ ತಂತ್ರಾಂಶ" ಎಂದು ಹೆಸರಂತೆ. ನನಗೆ ಮೈ ಉರಿದುಹೋಯಿತು. ನಲವತ್ತು ವರ್ಷ ಆ ಕಟ್ಟಡದಲ್ಲಿ ದುಡಿದವಳು ನಾನು, ಮೂರನೆಯವಳಂತೆ!

"ಕೋಪ ಮಾಡ್ಕೋಬೇಡ, ನಿಯಮದ ಭಾಷೆ ಅದು" ಎಂದಳು. ಅಂಥ ಪ್ರತಿಯೊಂದಕ್ಕೂ ಒಬ್ಬರು ಹೊಣೆ ಹೊತ್ತು ಸಹಿ ಹಾಕಬೇಕು. ಸಹಿ ಇದ್ದರೆ ಮೂರು ವರ್ಷ ಇರುತ್ತದೆ, ಇಲ್ಲದಿದ್ದರೆ ತೆಗೆಯಬೇಕು. "ಇಡೋದಾದ್ರೆ ಸಹಿ ಹಾಕು, ಬಿಡೋದಾದ್ರೆ ನೀನೇ ಬಂದು ತೆಗ್ದುಕೊಡು. ಮುಂದಿನ ವಾರದ ಶುಕ್ರವಾರದೊಳಗೆ ಹೇಳು. ಇಡು ಬಿಡು ಅಂತ ನಾನು ಹೇಳಲ್ಲ, ಇದು ನಿನ್ನ ಕೈಯಲ್ಲಿ ಹುಟ್ಟಿದ್ದು."

ಹೀಗೆ ಕೇಳಿದ್ದಕ್ಕೇ ಅವಳ ಮೇಲೆ ಗೌರವ ಬಂತು. ಅವಳು ಹೋದ ಮೇಲೆ ನಿಮ್ಮಪ್ಪನನ್ನು ಕೇಳಿದೆ. ಉಗಿಸ್ನಾನದ ಸೌನಾಕ್ಕೆ ಕಟ್ಟಿಗೆ ಜೋಡಿಸುತ್ತಿದ್ದವನು ತಲೆ ಎತ್ತದೆ, "ಸಹಿ ಹಾಕೋಕೆ ಕೈ ತುರಿಸ್ತಿದೆ ನಿಂಗೆ, ನನ್ನನ್ನ್ಯಾಕೆ ಕೇಳ್ತೀಯ?" ಎಂದ. ಅವನು ಇಡೀ ವಾರದಲ್ಲಿ ಆಡಿದ ಅತಿ ಉದ್ದದ ಮಾತು ಅದು.

ಇಲ್ಲಿಗೆ ನಿಲ್ಲಿಸುತ್ತೇನೆ. ಕೈ ನೋಯುತ್ತಿದೆ.

ಬುಧವಾರ

ಮಿಲ್ಲಾ, ಇವತ್ತು ಕಚೇರಿಗೆ ಹೋಗಿದ್ದೆ. ಸಹಿ ಹಾಕಲೆಂದೇ ಹೋದೆ ಎಂದು ಒಪ್ಪಿಕೊಳ್ಳುತ್ತೇನೆ. ನೀಲಿ ಸ್ವೆಟರ್ ಹಾಕಿಕೊಂಡು, ಕನ್ನಡಕ ಎರಡು ಸಲ ಒರೆಸಿಕೊಂಡು ಹೊರಟೆ. ನಿವೃತ್ತಿಯಾಗಿ ಹನ್ನೊಂದು ವರ್ಷವಾದರೂ ಮೆಟ್ಟಿಲ ಹತ್ತಿರ ಹೆಜ್ಜೆ ತಾನಾಗಿಯೇ ಚುರುಕಾಯಿತು.

ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಮುಂಬಾಗಿಲ ಮೇಜಿನ ಪಿರ್ಕೊ, ನಾನು ಕೋಟು ಬಿಚ್ಚುವ ಮೊದಲೇ ಕೈ ಹಿಡಿದುಕೊಂಡಳು. "ಹಿಲ್ಕ, ಸಹಿ ಹಾಕ್ಬಿಡೆ. ಟಲ್ಲೆ ಹೋದ್ರೆ ನಮ್ಮ ಕಾಫಿ ಹೋಯ್ತು. ಕಾಫಿಗೆ ಬಿಡುವು ಅಂತ ಕೆಲಸದ ಒಪ್ಪಂದದಲ್ಲಿ ಬರ್ದಿದೆ ನಿಜ, ಆದ್ರೆ ಬರ್ದಿದೆ ಅಂತ ಯಾರಾದ್ರೂ ಕೆಲಸ ಬಿಟ್ಟು ಏಳ್ತಾರಾ? ಪಕ್ಕದೂರಲ್ಲಿ ಎಲ್ರೂ ಅವರವರ ಮೇಜಲ್ಲೇ ಲೋಟ ಇಟ್ಕೊಂಡು ಕುಡೀತಾರಂತೆ, ಒಬ್ರ ಮುಖ ಒಬ್ರು ನೋಡಲ್ವಂತೆ."

ತೌನೊ ತನ್ನ ಕೋಣೆಯಿಂದ ಇಣುಕಿದ. "ಬಂದ್ಲಪ್ಪ ಮಹಾರಾಣಿ. ನಿನ್ನ ಕೂಸಿಗೆ ಪಿಂಚಣಿ ಕೊಡ್ಸೋಕೆ ಬಂದ್ಯೋ, ಇನ್ನೂ ದುಡಿಸ್ತೀಯೋ?"

"ನಿನ್ನನ್ನೇ ಇನ್ನೂ ಇಟ್ಕೊಂಡಿದಾರೆ, ಅದಕ್ಕೇನಾಗಿದೆ?" ಎಂದೆ. ಕಾರಿಡಾರೆಲ್ಲ ನಕ್ಕಿತು.

ರೀಕಾ ಪಕ್ಕದಲ್ಲಿ ಕುರ್ಚಿ ಹಾಕಿಕೊಟ್ಟಳು. ನಾನು ಬರೆದ ಸಾಲುಗಳನ್ನು ಪರದೆಯ ಮೇಲೆ ತೆರೆದು ಬೆರಳಿಟ್ಟು ಓದುತ್ತಾ ಬಂದವಳು ಒಂದು ಕಡೆ ನಿಂತಳು. "ಇದೇನಿದು? ನಕಲು ಹದಿನೈದು ಸೆಕೆಂಡಲ್ಲಿ ಮುಗಿಯುತ್ತೆ. ಆಮೇಲೆ ಹನ್ನೊಂದೂ ಮುಕ್ಕಾಲು ನಿಮಿಷ ಸುಮ್ನೆ ಕಾಯ್ತಾ ಇದೆಯಲ್ಲ?"

ಸಿಕ್ಕಿಬಿದ್ದೆ. ೨೦೦೬ರಲ್ಲಿ ಹೊಸ ಕಂಪ್ಯೂಟರು ಬಂದಾಗ ನಕಲಿಗೆ ಅಷ್ಟು ಹೊತ್ತು ಬೇಡವಾಗಿತ್ತು. ಆ ವರ್ಷ ಕಚೇರಿಯಲ್ಲಿ ಇಬ್ಬರು ಒಬ್ಬರೊಡನೊಬ್ಬರು ಮಾತು ಬಿಟ್ಟಿದ್ದರು, ಅವರು ಎದುರುಬದುರಾಗುತ್ತಿದ್ದದ್ದು ಕಾಫಿಯ ಹೊತ್ತಿನಲ್ಲಿ ಮಾತ್ರ. ನಾನು ಹನ್ನೆರಡನ್ನು ಹಾಗೆಯೇ ಬಿಟ್ಟೆ. ಯಾರಿಗೂ ಹೇಳಲಿಲ್ಲ. ರೀಕಾಳಿಗೆ ಇದನ್ನು ಪಿಸುಗುಟ್ಟುತ್ತಿದ್ದರೆ ಬಾಗಿಲಲ್ಲಿ ತೌನೊ ಹಲ್ಲು ಕಿರಿಯುತ್ತಿದ್ದ. "ನಂಗೆ ಆಗ್ಲೇ ಗೊತ್ತಿತ್ತು. ಗಡಿಯಾರ ಇಟ್ಕೊಂಡು ನೋಡಿದೀನಿ. ಹೇಳಿದ್ರೆ ಬನ್ನು ಯಾರು ಕೊಡ್ತಿದ್ರು?" ಹದಿನೆಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದಾನೆ, ಘಾಟಿ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಪೆನ್ನು ಕೈಗೆತ್ತಿಕೊಂಡಿದ್ದೆ. ಆಗ ಪಿರ್ಕೊ ತನ್ನ ಮೇಜಿನಿಂದಲೇ ಕೂಗಿದಳು: "ರೀಕಾ, ನಿನ್ನ ಹೊಸ ವ್ಯವಸ್ಥೆ ಮತ್ತೆ ನನ್ನ ಪಟ್ಟಿ ತಿಂದಿದೆ ನೋಡು. ಶಿಶುವಿಹಾರದ ಮಕ್ಕಳದ್ದು. ಎರಡೂವರೆಗೆ ಕೆಟ್ಟುಹೋಯ್ತು, ವಾಪಸ್ ತರಿಸಿದ್ರೆ ಒಂದು ಗಂಟೆವರೆಗಿನದ್ದು ಮಾತ್ರ ಬಂತು. ಈ ತಿಂಗ್ಳಲ್ಲಿ ಇದು ಎರಡನೇ ಸಲ."

ರೀಕಾ ಕೆನ್ನೆ ಕೆಂಪಾಗಿ, ಹೊಸ ವ್ಯವಸ್ಥೆ ತಾನೇ ಗಂಟೆಗೊಮ್ಮೆ ನಕಲು ಮಾಡುತ್ತದೆ, ಎರಡು ಗಂಟೆಯದ್ದು ಮಾತ್ರ ಯಾಕೋ ಸಿಗುವುದಿಲ್ಲ, ಕಾರಣ ಹುಡುಕುತ್ತಿದ್ದೇವೆ ಎಂದಳು.

ನಾನು ಪೆನ್ನು ಕೆಳಗಿಟ್ಟು ಆ ಗಂಟೆಗಂಟೆಯ ನಕಲುಗಳ ಪಟ್ಟಿ ತೋರಿಸು ಎಂದೆ. ಹತ್ತು ಇದೆ, ಹನ್ನೊಂದು ಇದೆ, ಹನ್ನೆರಡು, ಒಂದು, ಆಮೇಲೆ ಮೂರು. ಎರಡು ಇಲ್ಲ. ನಿನ್ನೆಯೂ ಇಲ್ಲ, ಮೊನ್ನೆಯೂ ಇಲ್ಲ, ಜನವರಿಯಿಂದ ಒಂದು ದಿನವೂ ಇಲ್ಲ. ಇಂಜಿನಿಯರುಗಳಿಗೆ ಕಾಣದ್ದು ನನಗೆ ಕಾಣಲು ಅರ್ಧ ನಿಮಿಷವೂ ಬೇಕಾಗಲಿಲ್ಲ, ಏಕೆಂದರೆ ಆ ಬೀಗ ನನ್ನದು. ಎರಡು ಗಂಟೆಗೆ ಹೊಸ ವ್ಯವಸ್ಥೆ ಬಂದು ನೋಡಿದರೆ ಎಲ್ಲ ಫೈಲಿಗೂ ಟಲ್ಲೆಯ ಬೀಗ. ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗುತ್ತದೆ.

"ಟಲ್ಲೆ ಮಾಡಿದ ನಕಲಾದ್ರೂ ಇರ್ಬೇಕಲ್ಲ?" ಎಂದೆ. ರೀಕಾ ಮೆತ್ತಗೆ, "ಆ ತಗಡಿನ ಬೀರು ಜನವರಿ ಎಂಟಕ್ಕೆ ಹೋಯ್ತು, ಹಿಲ್ಕ. ಹಳೇ ಸಾಮಾನು ಅಂತ ಸಾಗಿಸಿಬಿಟ್ರು" ಎಂದಳು. ಎರಡು ತಿಂಗಳಿಂದ ನನ್ನ ಟಲ್ಲೆ ನಕಲು ಇಡಲು ಜಾಗವಿಲ್ಲದೆ, ಸುಮ್ಮನೆ ಬೀಗ ಹಾಕಿ, ಹನ್ನೆರಡು ನಿಮಿಷ ಕಳೆದು, ಬೀಗ ತೆಗೆಯುತ್ತಿತ್ತು. ಯಾರ ಕೆಲಸವೂ ಕಳೆಯಬಾರದು ಎಂದು ಮಾಡಿದ್ದು ಪಿರ್ಕೊಳ ಕೆಲಸವನ್ನು ಎರಡು ಸಲ ಕಳೆದಿತ್ತು.

ಪಾಪ, ರೀಕಾ ಒಳ್ಳೆಯವಳು. "ಎರಡೇ ಸಾಲು ಬದ್ಲಾಯಿಸಿದ್ರೆ ಆಯ್ತು. ಬೀಗ ಬೇಡ ಅನ್ನು, ನಕಲಿಗೆ ಜಾಗ ನಾನು ಕೊಡ್ತೀನಿ. ಸಹಿ ಹಾಕಿ ಇಟ್ಕೋ" ಎಂದಳು. ಅದೂ ನಿಜವೇ. ಎರಡು ಸಾಲು ನನಗೆ ಹತ್ತು ನಿಮಿಷದ ಕೆಲಸ. ಆಮೇಲೆ ಮೂರು ವರ್ಷ ಏನಾದರೂ ಕೆಟ್ಟರೆ ನನಗೇ ಫೋನು ಬರುತ್ತದೆ. ಹಿಲ್ಕ ಬಾ, ನಿನ್ನ ಬಿಟ್ಟರೆ ಗತಿಯಿಲ್ಲ ಎನ್ನುತ್ತಾರೆ. ಹನ್ನೊಂದು ವರ್ಷದಿಂದ ಆ ಫೋನಿಗೆ ನಾನು ಎಷ್ಟು ಆಸೆಪಟ್ಟಿದ್ದೇನೆ ಎಂದು ನಿಮ್ಮಪ್ಪನಿಗೂ ಹೇಳಿಲ್ಲ.

ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ಬಸ್ಸು ಬಿಟ್ಟು ನಡೆದೇ ಬಂದೆ. ಗ್ರಂಥಾಲಯದ ತಿರುವಿನ ಹೊತ್ತಿಗೆ ತೀರ್ಮಾನವಾಗಿತ್ತು. ಇನ್ನೊಬ್ಬರು ಫೈಲುಗಳನ್ನು ನನಗಿಂತ ಚೆನ್ನಾಗಿ ಕಾಯುತ್ತಿರುವಾಗ, ನನ್ನ ಹೆಸರು ಉಳಿಯಲಿ ಎಂಬ ಒಂದೇ ಕಾರಣಕ್ಕೆ ಅದನ್ನು ಇಡಲಾರೆ. ಕೆಲಸ ಗೊತ್ತಿದ್ದವರು ಹಾಗೆ ಮಾಡುವುದಿಲ್ಲ. ನನಗೆ ಕೆಲಸ ಗೊತ್ತು.

ಶನಿವಾರ

ಆಯಿತು, ಮಿಲ್ಲಾ. ನಿನ್ನೆ ಟಲ್ಲೆಯನ್ನು ತೆಗೆದೆ.

ಅದು ಯಾಕೆ ಹೋಗುತ್ತಿರಲಿಲ್ಲ ಎಂದರೆ, ಅದೂ ತೌನೊನ ಪುಣ್ಯವೇ. ೧೯೯೭ರಲ್ಲಿ ಎರಡು ಗಂಟೆಗೆ ಅವನ ಇಸ್ಪೀಟಾಟ ನಿಂತುಹೋಗುತ್ತದೆ ಎಂದು ಆ ಕಳ್ಳ ತನ್ನ ಕಂಪ್ಯೂಟರಿನಿಂದ ಟಲ್ಲೆಯನ್ನು ಮೂರು ಸಲ ಕಿತ್ತುಹಾಕಿದ್ದ. ನನಗೆ ರೇಗಿತು. ಪ್ರತಿ ಕಂಪ್ಯೂಟರೂ ಪಕ್ಕದ್ದನ್ನು ನೋಡಿಕೊಳ್ಳುವಂತೆ ಬರೆದೆ. ಒಂದರಲ್ಲಿ ಇಲ್ಲವಾದರೆ ಪಕ್ಕದ್ದು ಮತ್ತೆ ಹಾಕಿಬಿಡುತ್ತದೆ. ಹಾಗಾಗಿ ತೆಗೆಯಬೇಕಾದರೆ ಎಲ್ಲ ಕಡೆಯೂ ಒಂದೇ ಹೊತ್ತಿಗೆ ತೆಗೆಯಬೇಕು. ಇದನ್ನು ಹೇಳಿದಾಗ ರೀಕಾ ಬಿದ್ದು ಬಿದ್ದು ನಕ್ಕಳು.

"ಹಾಗಾದ್ರೆ ಎಲ್ರೂ ಸೇರಿ ಮಾಡೋ ಕೆಲ್ಸ ಇದು, ಹಿಮ ತೆಗೆದ ಹಾಗೆ" ಎಂದಳು ಪಿರ್ಕೊ. ಹಾಗೆಯೇ ಆಯಿತು. ಈಗ ಕಚೇರಿಯಲ್ಲಿ ಉಳಿದಿರುವುದು ಹನ್ನೊಂದು ಕಂಪ್ಯೂಟರು, ಜನ ಒಂಬತ್ತು. ನಾನು ನನ್ನ ಹಳೆಯ ಕುರ್ಚಿಯಲ್ಲಿ ಕುಳಿತೆ. ಇನ್ನೊಂದು ಉಳಿಯಿತಲ್ಲ, ಅದಕ್ಕೆ ನಿಮ್ಮಪ್ಪ! ನನ್ನನ್ನು ಕಾರಿನಲ್ಲಿ ಬಿಡಲು ಬಂದವನನ್ನು ತೌನೊ ತೋಳು ಹಿಡಿದು ಒಳಗೆ ಎಳೆದುಕೊಂಡು ಬಂದ. ಮೀನಿನ ವಾಸನೆಯ ಜಾಕೆಟಿನಲ್ಲೇ ಕುಳಿತ. ಜೀವಮಾನದಲ್ಲಿ ಕಂಪ್ಯೂಟರ್ ಮುಟ್ಟದವನು ಬೆರಳನ್ನು ಕೀಯ ಮೇಲೆ ಇಟ್ಟುಕೊಂಡು, "ಒತ್ತಲಾ? ಈಗ ಒತ್ತಲಾ?" ಎಂದು ನಾಲ್ಕು ಸಲ ಕೇಳಿದ.

ಪಿರ್ಕೊ ಕಾರಿಡಾರಿನ ಕಡೆ ಮುಖ ಮಾಡಿ ಎಣಿಸಿದಳು. ಮೂರು, ಎರಡು, ಒಂದು. ಹನ್ನೊಂದು ಬೆರಳು ಒಟ್ಟಿಗೆ ಒತ್ತಿದವು. ಹನ್ನೊಂದು ಪರದೆಯ ಮೇಲೂ ಟಲ್ಲೆಯ ಹಸಿರು ಚೌಕ ಮರೆಯಾಯಿತು. ರೀಕಾ ಒಂದೊಂದೇ ಕಂಪ್ಯೂಟರಿನ ಮುಂದೆ ನಿಂತು ನೋಡಿ ಬಂದಳು. "ಹೋಯ್ತು. ಎಲ್ಲೂ ಚೂರೂ ಉಳಿಸಿಲ್ಲ. ಇಷ್ಟು ಚೊಕ್ಕವಾಗಿ ಹೋಗೋ ಪ್ರೋಗ್ರಾಂ ನಾನು ನೋಡೇ ಇಲ್ಲ" ಎಂದಳು. ನನ್ನ ಎದೆ ಉಬ್ಬಿತು.

ಎರಡು ಗಂಟೆಯಾಯಿತು. ಯಾರ ಪರದೆಯೂ ನಿಲ್ಲಲಿಲ್ಲ. ಯಾರೂ ಏಳಲಿಲ್ಲ. ಎಲ್ಲರೂ ಕೆಲಸ ಮಾಡುತ್ತಿರುವ ಹಾಗೆ ತಲೆ ತಗ್ಗಿಸಿ ಕುಳಿತಿದ್ದರು. ಮೊದಲು ಯಾರು ಎದ್ದರೂ ಸೋಮಾರಿ ಎನಿಸಿಕೊಳ್ಳಬೇಕಲ್ಲ! ನಾಲ್ಕು ನಿಮಿಷ ಹಾಗೇ ಕಳೆಯಿತು. ಆಗ ತೌನೊ ಮೇಜಿನ ಕೆಳಗೆ ಬಗ್ಗಿ ತನ್ನ ಕಂಪ್ಯೂಟರಿನ ವೈರನ್ನು ಗೋಡೆಯಿಂದ ಕಿತ್ತ. "ಅಯ್ಯೋ, ನನ್ನದು ನಿಂತೋಯ್ತು! ಏಳ್ರಪ್ಪ ಕಾಫಿಗೆ" ಎಂದು ಕೂಗಿದ. ಸೋಮವಾರದಿಂದ ಸರದಿಯ ಮೇಲೆ ದಿನಕ್ಕೊಬ್ಬರು ವೈರು ಕೀಳುವುದೆಂದು ಕಾಫಿ ಕುಡಿಯುತ್ತಲೇ ಗೊತ್ತುಮಾಡಿಕೊಂಡರು. ರೀಕಾ ಕೇಳಿಸಿಕೊಳ್ಳದವಳ ಹಾಗೆ ಕಿಟಕಿಯಾಚೆ ನೋಡುತ್ತಿದ್ದಳು.

ಹೊರಡುವಾಗ ಅವಳು ನನಗೊಂದು ಕಟ್ಟು ಕೊಟ್ಟಳು. ಟಲ್ಲೆ ತಾನು ಮಾಡಿದ ಪ್ರತಿ ನಕಲಿಗೂ ಒಂದು ಸಾಲು ಬರೆದಿಡುತ್ತಿತ್ತು: ತಾರೀಖು, ಮುಗಿದ ಹೊತ್ತು, ಎಷ್ಟು ಕಂಪ್ಯೂಟರು, ಎಷ್ಟು ತಪ್ಪು. ಇಪ್ಪತ್ತೇಳು ವರ್ಷದ್ದನ್ನೂ ತೆಗೆಯುವ ಮೊದಲೇ ಅಚ್ಚುಹಾಕಿಸಿ, ನೀಲಿ ದಾರ ಕಟ್ಟಿದ್ದಳು. "ನಮ್ಮ ಹೊಸ ವ್ಯವಸ್ಥೆ ಇದರ ಅರ್ಧದಷ್ಟು ವರ್ಷ ನಡೆದ್ರೆ ನನ್ನ ಪುಣ್ಯ" ಎಂದಳು. ತೌನೊ ಮಾತ್ರ ಬಾಗಿಲವರೆಗೆ ಬಂದು, ನೆಲ ನೋಡಿಕೊಂಡು, "ಚೆನ್ನಾಗಿತ್ತು ಕಣೆ" ಎಂದು ಹೇಳಿ ಒಳಗೆ ಹೋಗಿಬಿಟ್ಟ. ತೌನೊನ ಬಾಯಿಂದ ಅಂಥ ಮಾತು ಕೇಳಲು ನಾನು ಇಪ್ಪತ್ತೇಳು ವರ್ಷ ಕಾದಿದ್ದೆ.

ಮಗಳೇ, ನಿನ್ನ ತಾಯಿ ಒಂದು ಕೆಲಸವನ್ನು ಚೆನ್ನಾಗಿ ಮಾಡಿದಳು, ಅದರ ಹೊತ್ತು ಮುಗಿದಾಗ ತಾನೇ ಎದ್ದು ನಿಲ್ಲಿಸಿದಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಿನ್ನ ಕೈಯಲ್ಲಿ ಹುಟ್ಟುವ ಕೂಸುಗಳೆಲ್ಲ ಗಟ್ಟಿಯಾಗಿ ಅಳಲಿ. ಓನಾಳ ಹಲ್ಲಿನ ತಂತಿ ಬೇಗ ಬಿಚ್ಚಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಬೆನ್ನು ಬೆಚ್ಚಗಿಟ್ಟುಕೋ. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಹಿಲ್ಕ

ಮತ್ತೊಂದು ಮಾತು. ಲಕೋಟೆ ಅಂಟಿಸುವ ಮೊದಲು ಆ ಕಟ್ಟನ್ನು ಬಿಚ್ಚಿ ಕುಳಿತೆ. ಹಿಗ್ಗಿನಿಂದಲೇ ಬಿಚ್ಚಿದ್ದು. ಹುಡುಕಬಾರದೆಂದುಕೊಂಡರೂ ೧೯೯೯ರ ಜೂನ್ ಐದನ್ನು ಹುಡುಕಿದೆ. ನೀನು ಶಾಲೆ ಮುಗಿಸಿ, ಪಾಸಾದವರ ಬಿಳಿ ಟೋಪಿ ಹಾಕಿಸಿಕೊಂಡ ಶನಿವಾರ. ಅವತ್ತು ಟಲ್ಲೆ ಕೆಟ್ಟಿತ್ತು, ನಾನು ಹೋಗದಿದ್ದರೆ ಊರಿನ ಕಾಗದಪತ್ರವೆಲ್ಲ ಹೋಗುತ್ತಿತ್ತು, ಅದಕ್ಕೇ ಅಜ್ಜಿ ಬರಲಿಲ್ಲ ಎಂದು ನೀನು ಓನಾಳಿಗೆ ಹೇಳುತ್ತೀಯ. ಬೇಸರದಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನು ಹೆಮ್ಮೆಯಿಂದ ಹೇಳುತ್ತೀಯ. ನಾನು ಅದೇ ಮೇಜಿನಲ್ಲಿ ಕುಳಿತು, ಕೇಳಿಸಿಕೊಂಡು, ಕಾಫಿ ಬಗ್ಗಿಸಿದ್ದೇನೆ.

ಕೆಟ್ಟಿದ್ದು ನಿಜ. ಆದರೆ ಸೋಮವಾರದವರೆಗೆ ಕಾಯಬಹುದಿತ್ತು. ಹೋಗಲಿ, ಹೋದೆ. ಕಟ್ಟಿನಲ್ಲಿ ಅವತ್ತಿನ ಸಾಲು ಹೀಗಿದೆ: ೯ ಗಂಟೆ ೩೧ ನಿಮಿಷ, ಹತ್ತೊಂಬತ್ತು ಕಂಪ್ಯೂಟರು, ತಪ್ಪು ಸೊನ್ನೆ. ಅಷ್ಟೂ ಕಂಪ್ಯೂಟರಿನಲ್ಲಿ ಎಲ್ಲೂ ನಿಲ್ಲದೆ ಓಡಿದ್ದು ಅದೇ ಮೊದಲು. ನಿನ್ನ ಟೋಪಿ ಹತ್ತು ಗಂಟೆಗೆ. ಶಾಲೆಗೆ ಸೈಕಲ್ಲಿನಲ್ಲಿ ಆರು ನಿಮಿಷ, ಸೈಕಲ್ಲು ಕಿಟಕಿಯ ಕೆಳಗೇ ನಿಂತಿತ್ತು. ಅದರ ಕೆಳಗೆ ಇನ್ನೂ ಎರಡು ಸಾಲುಗಳಿವೆ, ೯:೫೨, ೧೦:೧೪. ಬೇಕಿಲ್ಲದಿದ್ದರೂ ಮತ್ತೆ ಎರಡು ಸಲ ಓಡಿಸಿದ್ದೆ. ಯಾರೂ ನನ್ನನ್ನು ತಡೆದಿರಲಿಲ್ಲ, ಮಿಲ್ಲಾ. ಅದು ಚೆನ್ನಾಗಿ ಓಡುತ್ತಿತ್ತು, ನಾನು ನೋಡುತ್ತಾ ಕುಳಿತಿದ್ದೆ.